ಚಾವಣಿಯ ಲೆಕ್ಕವೂ ತಲೆಯ ಲೆಕ್ಕವೂ

ಬೆಂಗಳೂರಿನ ಬೆಳವಣಿಗೆಯನ್ನು ಕುರಿತು ಈಚೆಗೆ ಒಂದು ವಾದವು ವಿದ್ಯಾವಂತರಲ್ಲಿ ಹೆಚ್ಚಾಗಿ ಕೇಳಬರುತ್ತಿದೆ. ಆಕಾಶದಲ್ಲಿ ಕೃತಕೋಪಗ್ರಹಗಳು ಸುತ್ತುತ್ತ ನೆಲದ ಚಿತ್ರವನ್ನು ಕಳುಹಿಸುತ್ತಿರುವಾಗ ಮನೆಮನೆಯ ಬಾಗಿಲು ತಟ್ಟಿ ತಲೆಯೆಣಿಸುವ ಹಳೆಯ ಕ್ರಮವೇತಕ್ಕೆ, ಚಾವಣಿಗಳನ್ನು ಅಳೆದು ಗುಣಿಸಿದರೆ ಜನಸಂಖ್ಯೆಯು ತಾನಾಗಿ ದೊರೆಯುವುದಿಲ್ಲವೆ, ಎಂಬುದೇ ಆ ವಾದ. 2021ರ ಜನಗಣತಿಯು ಮಹಾಮಾರಿಯ ಕಾರಣದಿಂದ ನಿಂತು 2027ಕ್ಕೆ ಮುಂದೆ ಹೋದುದರಿಂದ ಈ ಮಾತಿಗೆ ಬಲ ಬಂದಿದೆ. ಆದರೂ ಇದು ತರ್ಕಕ್ಕೆ ನಿಲ್ಲತಕ್ಕ ಮಾತಲ್ಲ.

ಚಿತ್ರದ ಬೆಲೆಯನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಅಮೆರಿಕದವರು 1972ರಲ್ಲಿ ಮೇಲಕ್ಕೆ ಕಳುಹಿಸಿದ ಲ್ಯಾಂಡ್‌ಸ್ಯಾಟ್ ಮೊದಲ್ಗೊಂಡು ದೊರೆತ ಚಿತ್ರಗಳನ್ನು ಹೋಲಿಸಿ, ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟ ಸಂಗತಿ ಸಣ್ಣದಲ್ಲ: ನಾಲ್ಕು ದಶಕಗಳಲ್ಲಿ ಈ ನಗರದ ಕಟ್ಟಡದ ನೆಲವು ನೂರಕ್ಕೆ 584ರಷ್ಟು ಹೆಚ್ಚಿತು, ನೀರಿನ ನೆಲವು ನೂರಕ್ಕೆ 74ರಷ್ಟು ಕುಗ್ಗಿತು. ಕೃಷ್ಣರಾಜಪುರದ ಕಡೆಯ ಹೊಲವೂ ತೋಪೂ ಬಡಾವಣೆಯಾದುದಕ್ಕೆ ಇದಕ್ಕಿಂತ ನಿಷ್ಪಕ್ಷಪಾತಿಯಾದ ಸಾಕ್ಷಿ ಬೇರಿಲ್ಲ. ಕೆರೆಯನ್ನು ನುಂಗಿದವನು ಗ್ರಾಮದ ನಕ್ಷೆಯನ್ನು ತಿದ್ದಿಸಿಯಾನು. 1973ರ ಚಿತ್ರವನ್ನು ತಿದ್ದಿಸಲಾರನು.

ಆದರೆ ಚಿತ್ರಕ್ಕೆ ಪ್ರತ್ಯಕ್ಷವಾದುದು ಚಾವಣಿ. ಅದರ ಕೆಳಗಿನ ಜನರು ಕೇವಲ ಅನುಮಾನಗಮ್ಯರು. ಹೊಗೆಯಿಂದ ಬೆಂಕಿಯನ್ನು ಊಹಿಸುವವನಿಗೆ ಅವೆರಡಕ್ಕೂ ತಪ್ಪದ ಸಾಹಚರ್ಯವುಂಟೆಂಬ ವ್ಯಾಪ್ತಿಜ್ಞಾನವಿರಬೇಕು. ಚಾವಣಿಗೂ ತಲೆಗೂ ಅಂಥ ವ್ಯಾಪ್ತಿಯೆಲ್ಲಿ? ಕಟ್ಟಡದ ನೆಲವು ಸುಮಾರು ಏಳು ಪಟ್ಟಾದ ಕಾಲದಲ್ಲಿಯೇ ನಗರದ ಜನವು 1971ರ 16.5 ಲಕ್ಷದಿಂದ 2011ರ 85 ಲಕ್ಷಕ್ಕೆ, ಎಂದರೆ ಐದು ಪಟ್ಟಿಗೆ, ಏರಿತು. ಎರಡು ಲೆಕ್ಕಗಳ ಎಲ್ಲೆಗಳಲ್ಲಿರುವ ವ್ಯತ್ಯಾಸವನ್ನು ಬಿಟ್ಟುಕೊಟ್ಟರೂ ಗುಣಕವು ಸ್ಥಿರವಲ್ಲವೆಂಬುದು ಸ್ಪಷ್ಟ.

ನಗರದ ಪೂರ್ವಭಾಗವನ್ನೇ ನೋಡಬಹುದು. ಶಿವಾಜಿನಗರವು 1809ರ ದಂಡಿನ ಆಶ್ರಯದಲ್ಲಿ ಬೆಳೆದ ಪೇಟೆ. ಉಪಗ್ರಹವು ಹುಟ್ಟುವುದಕ್ಕೆ ಮೊದಲೇ ಅಲ್ಲಿ ನೆಲವೆಲ್ಲ ಕಟ್ಟಡ. ಅನಂತರ ಮನೆಯ ಮೇಲೆ ಮನೆಯೆದ್ದರೂ ಚಿತ್ರದ ಬಣ್ಣ ಬದಲಾಗದು. ಲ್ಯಾಂಡ್‌ಸ್ಯಾಟಿನ ಬಹುಬಳಕೆಯ ಚಿತ್ರಗಳಲ್ಲಿ ಒಂದೊಂದು ಚುಕ್ಕೆಯೂ 30 ಮೀಟರಿನ ಚೌಕ. 30ಕ್ಕೆ 40 ಅಡಿಯ ನಿವೇಶನಗಳು ಎಂಟು ಅದರಲ್ಲಿ ಅಡಗುತ್ತವೆ. ಗಲ್ಲಿಗಳ ಮನೆಗಳು ಇನ್ನೆಷ್ಟೋ! ಇಂದಿರಾನಗರದ ಸ್ಥಿತಿ ಇದಕ್ಕೆ ವಿಪರೀತ. ಅಲ್ಲಿ 100 ಅಡಿ ರಸ್ತೆಯ ವಾಸದ ಮನೆಯು ಅಂಗಡಿಯೋ ಹೋಟೆಲೋ ಆಗಿ, ರಾತ್ರಿ ಮಲಗುವವರಿಲ್ಲದಿದ್ದರೂ ಚಾವಣಿ ಹಾಗೆಯೇ ಇರುತ್ತದೆ. ಹಲಸೂರು ಕೆರೆಯ ಮೇಲೆ ಜೊಂಡು ಹಬ್ಬಿದರೆ ನೀರೇ ಗಿಡಮರದ ಲೆಕ್ಕಕ್ಕೆ ಸೇರೀತು. (ಮಡುವಿನಲ್ಲಿ ಬೆಂಕಿಯೆಂಬುದು ಬಾಧಿತವಾದ ಅನುಮಾನಕ್ಕೆ ತಾರ್ಕಿಕರು ಕೊಡುವ ಉದಾಹರಣೆ. 2017ರಲ್ಲಿ ಬೆಳ್ಳಂದೂರು ಕೆರೆಯು ಹೊತ್ತಿ ಉರಿದು ಆ ಉದಾಹರಣೆಯನ್ನೂ ಕೆಡಿಸಿತು.)

2019ರಲ್ಲಿ ಹಾರಿದ ಕಾರ್ಟೊಸ್ಯಾಟ್-3 ಒಂದು ಮೊಳಕ್ಕಿಂತ ಚಿಕ್ಕ ವಸ್ತುವನ್ನೂ ಕಾಣುವುದು, ಮಹಡಿಗಳ ಎತ್ತರವನ್ನೂ ಅಳೆಯಬಹುದು, ಎಂದು ಪ್ರತಿವಾದಿಯು ಹೇಳಿಯಾನು. ಆಗಲಿ. ಮಾಳಿಗೆಯ ಮೇಲಿನ ನೀರಿನ ತೊಟ್ಟಿ ಕಂಡೀತು. ಅದರ ನೀರನ್ನು ಕುಡಿಯುವವರು ನಾಲ್ವರೋ ನಲವತ್ತು ಮಂದಿಯೋ ಕಾಣದು.

ಇದು ಬರಿಯ ಪಂಡಿತರ ಜಗಳವಲ್ಲ. 2013ರ ಆಹಾರ ಭದ್ರತಾ ಕಾಯಿದೆಯ ಪಡಿತರಕ್ಕೆ ಇಂದಿಗೂ 2011ರ ತಲೆಯೆಣಿಕೆಯೇ ಆಧಾರ. ಆಮೇಲೆ ಕೃಷ್ಣರಾಜಪುರಕ್ಕೆ ಬಂದು ತಗಡಿನ ಸೂರಿನಡಿ ಸೇರಿದ ಕೂಲಿಯವನು ಆ ಲೆಕ್ಕದಲ್ಲಿಲ್ಲ. ಅವನ ತಗಡು ಈ ವರ್ಷ ಇಲ್ಲಿ, ಬರುವ ವರ್ಷ ಮತ್ತೊಂದು ಕಟ್ಟಡದ ಮಗ್ಗುಲಲ್ಲಿ. ಅದರಡಿ ಮಲಗುವವರೆಷ್ಟು, ಶಾಲೆಯ ಮುಖ ಕಾಣದ ಮಕ್ಕಳೆಷ್ಟು ಎಂಬುದನ್ನು ಬಾಗಿಲಲ್ಲಿ ನಿಂತು ಕೇಳಿಯೇ ತಿಳಿಯಬೇಕು. ಮೆಟ್ಟಿಲು ಹತ್ತಿಳಿಯುವ ಎಣಿಕೆಯ ಉಪಾಧ್ಯಾಯನ ಭತ್ಯವನ್ನು ಉಳಿಸುವುದಕ್ಕಾಗಿ ಉಪಗ್ರಹವನ್ನು ಸಾಕ್ಷಿಗೆ ಕರೆಯುವವರು, ಆ ತಗಡನ್ನು ಯಾವ ಸಂಖ್ಯೆಯಿಂದ ಗುಣಿಸುವರೆಂಬುದನ್ನು ಮೊದಲು ಹೇಳಲಿ.