ಬಾವುಟ ಯಾರದು, ಬಂಧನ ಯಾರಿಗೆ?

2021ರ ಮಾರ್ಚ್ 23ರಂದು, ಮರಳುಗಾಳಿ ಬೀಸುತ್ತಿದ್ದ ಮುಂಜಾನೆ, 'ಎವರ್ ಗಿವನ್' ಎಂಬ ಸರಕು ಹಡಗು ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡಿತು. 400 ಮೀಟರು ಉದ್ದದ ಹಡಗು, ಅದರ ಮೇಲೆ 18,000ಕ್ಕೂ ಮಿಕ್ಕಿದ ಕಂಟೇನರುಗಳು. ಅದರ ಮೂತಿಯ ಬಳಿ ಮಣ್ಣು ಬಗೆಯುತ್ತಿದ್ದ ಪುಟ್ಟ ಹಳದಿ ಯಂತ್ರದ ಚಿತ್ರವನ್ನು ನೋಡಿ ಲೋಕವೆಲ್ಲ ನಕ್ಕಿತು. ನಾನೂ ನಕ್ಕವರಲ್ಲಿ ಒಬ್ಬ. ಆ ಯಂತ್ರ ನಡೆಸಿದವನು, ಹಗಲಿರುಳು ದುಡಿದ ಹೆಚ್ಚುವರಿ ಕೂಲಿ ಇನ್ನೂ ಕೈಸೇರಿಲ್ಲವೆಂದು ಆಮೇಲೆ ಪತ್ರಕರ್ತರೆದುರು ಹೇಳಿಕೊಂಡದ್ದನ್ನು ಓದಿದಾಗ ಆ ನಗೆ ನನ್ನ ಗಂಟಲಲ್ಲೇ ಉಳಿಯಿತು.

ಆರು ದಿನಗಳ ಬಳಿಕ, ಹುಣ್ಣಿಮೆಯ ಭರತದ ನೆರವಿನಿಂದ, ಹೂಳೆತ್ತುವ ಹಡಗು ಮತ್ತು ಟಗ್ಗುಗಳು ಅದನ್ನು ಬಿಡಿಸಿದವು. ಹೆಚ್ಚುಕಡಿಮೆ 400 ಹಡಗುಗಳು ಕಾದು ನಿಂತಿದ್ದವು. ಅವು ಚಲಿಸತೊಡಗಿದೊಡನೆ ಲೋಕದ ಗಮನವೂ ಬೇರೆಡೆಗೆ ಚಲಿಸಿತು. ಆದರೆ ನಾನು ಹೇಳಹೊರಟ ಕಥೆ ಶುರುವಾಗುವುದೇ ಅಲ್ಲಿಂದ.

ಹಡಗಿನ ಒಡೆಯರು ಜಪಾನಿನವರು. ಅದನ್ನು ಓಡಿಸುವ ಕಂಪನಿ ತೈವಾನಿನದು, ನಿರ್ವಹಣೆ ಜರ್ಮನ್ ಸಂಸ್ಥೆಯದು, ಹಾರುತ್ತಿದ್ದ ಬಾವುಟ ಪನಾಮಾದ್ದು. ಹಡಗಿನ ಸಿಬ್ಬಂದಿ ಮಾತ್ರ, ಇಪ್ಪತ್ತೈದಕ್ಕೆ ಇಪ್ಪತ್ತೈದು ಮಂದಿಯೂ, ಭಾರತೀಯರು. ಕಾಲುವೆಯ ಪ್ರಾಧಿಕಾರ ಮೊದಲು ಕೇಳಿದ ಪರಿಹಾರ 91.6 ಕೋಟಿ ಡಾಲರು, ಅನಂತರ 55 ಕೋಟಿ. ಚೌಕಾಸಿ ಮುಗಿಯುವ ತನಕ ಹಡಗನ್ನು ಗ್ರೇಟ್ ಬಿಟರ್ ಸರೋವರದಲ್ಲಿ ಲಂಗರು ಹಾಕಿಸಿ ಹಿಡಿದಿಟ್ಟರು. ಬಿಡುಗಡೆಯಾದದ್ದು ಜುಲೈ 7ಕ್ಕೆ. ಕರಾರು ಮುಗಿದ ಕೆಲವರು ನಡುವೆ ಊರಿಗೆ ಮರಳಿದರು. ಉಳಿದವರು ಮೂರು ತಿಂಗಳಿಗೂ ಮೀರಿ ಆ ನೀರಿನ ಮೇಲೆಯೇ ಇದ್ದರು.

ಈಜಿಪ್ಟನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಆ ಕಾಲುವೆಯನ್ನು ತೋಡಿದ ಮೊದಲ ವರ್ಷಗಳಲ್ಲಿ ಈಜಿಪ್ಟಿನ ರೈತರನ್ನು ಬಿಟ್ಟಿ ದುಡಿಮೆಗೆ ಎಳೆತಂದರು. 1869ರಲ್ಲಿ ಕಾಲುವೆ ತೆರೆದ ಆರೇ ವರ್ಷದಲ್ಲಿ ಸಾಲದಲ್ಲಿ ಮುಳುಗಿದ ಅಲ್ಲಿನ ಖೆದಿವನು ತನ್ನ ಪಾಲನ್ನು ಇಂಗ್ಲೆಂಡಿಗೆ ಮಾರಿದ. 1956ರಲ್ಲಿ ನಾಸೆರ್ ಅದನ್ನು ರಾಷ್ಟ್ರೀಕರಣಗೊಳಿಸಿದಾಗ ಯುದ್ಧವನ್ನೇ ಎದುರಿಸಬೇಕಾಯಿತು. ತನ್ನ ನೆಲದಲ್ಲಿ ಹರಿವ ಸಂಪತ್ತಿಗೆ ಲೆಕ್ಕ ಕೇಳುವ ಹಕ್ಕು ಆ ದೇಶಕ್ಕುಂಟು. ನನ್ನ ತಕರಾರು ಇಷ್ಟೇ: ಒಡೆಯನ ಸಾಲಕ್ಕೆ ಹಡಗನ್ನು ಒತ್ತೆಯಿಡಬಹುದು, ಹಡಗಿನ ಮನುಷ್ಯರನ್ನಲ್ಲ.

ಅದೇ ಸುಯೆಜಿನ ಸಮೀಪ, ಅದಬಿಯಾ ಬಂದರಿನ ಬಳಿ, 2017ರಿಂದ 'ಅಮಾನ್' ಎಂಬ ಇನ್ನೊಂದು ಹಡಗು ಜಪ್ತಿಯಾಗಿ ನಿಂತಿತ್ತು. ಅಮಾನ್ ಎಂದರೆ ಅಭಯ! ಪ್ರಮಾಣಪತ್ರಗಳ ಅವಧಿ ಮುಗಿದಿತ್ತು, ಒಡೆಯರು ಹಣ ಕಟ್ಟಲಿಲ್ಲ. ನ್ಯಾಯಾಲಯ ಸಿರಿಯಾದ ಒಬ್ಬ ನಾವಿಕನನ್ನು ಹಡಗಿನ ಪಾಲಕನೆಂದು ಘೋಷಿಸಿತು. ಸಂಗಡಿಗರು ಒಬ್ಬೊಬ್ಬರಾಗಿ ಹೊರಟುಹೋದರು. ಊರಲ್ಲಿ ತಾಯಿ ತೀರಿಕೊಂಡಳು, ಈತ ಹೋಗುವಂತಿಲ್ಲ. ಕೊನೆಕೊನೆಗೆ ಬೆಳಕಿಲ್ಲದ ಆ ಹಡಗಿನಲ್ಲಿ ಒಬ್ಬನೇ ಇದ್ದು, ಅನ್ನಕ್ಕೂ ಫೋನಿಗೆ ವಿದ್ಯುತ್ತು ತುಂಬಿಸಿಕೊಳ್ಳುವುದಕ್ಕೂ ದಡಕ್ಕೆ ಈಜಿ ಬರುತ್ತಿದ್ದ. ಆತನ ಸಹೋದರನೂ ನಾವಿಕನೇ. ತನ್ನ ಹಡಗಿನಲ್ಲಿ ಅದೇ ದಾರಿಯಾಗಿ ಹಲವು ಸಲ ಹಾದುಹೋದ; ಮಾತು ಫೋನಿನಲ್ಲಿ ಆಯಿತು, ಕೈಬೀಸಿದರೆ ಕಾಣುವಷ್ಟು ಹತ್ತಿರ ಬರಲಾಗಲಿಲ್ಲ. ಈ ನಾವಿಕ ಮನೆಗೆ ಮರಳಿದ್ದು 2021ರ ಏಪ್ರಿಲಿನಲ್ಲಿ, ಅಂದರೆ ನಮ್ಮ ಹುಡುಗರು ಸರೋವರದಲ್ಲಿ ಕಾಯುತ್ತಿದ್ದಾಗ.

ಮುಂಬಯಿಯಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಈ ನಗರವನ್ನು ಯುರೋಪಿಗೆ ಹತ್ತಿರ ತಂದು, ಅದರ ಬಂದರನ್ನು ಬೆಳೆಸಿದ್ದರಲ್ಲಿ ಸುಯೆಜಿನ ಪಾಲು ದೊಡ್ಡದು. ಆ ಬೆಳವಣಿಗೆಯ ಬೆನ್ನುಹಿಡಿದು ಗೋದಿಗಳಿಗೆ, ಗಿರಣಿಗಳಿಗೆ, ಹೋಟೆಲುಗಳಿಗೆ ಬಂದವರಲ್ಲಿ ನಮ್ಮ ಹಿರಿಯರೂ ಇದ್ದರು. ಇಂದಿಗೂ ಕರಾವಳಿಯ ಹುಡುಗರು ಸಿ.ಡಿ.ಸಿ. ಪುಸ್ತಕ ಹಿಡಿದು ಇಲ್ಲಿನ ಕಂಪನಿಗಳ ಬಾಗಿಲಲ್ಲಿ ನಿಲ್ಲುತ್ತಾರೆ. ಊರಿನಲ್ಲಿ 'ಶಿಪ್ಪಿನಲ್ಲಿದ್ದಾನೆ' ಎಂಬ ಮಾತಿಗೆ ಮದುವೆಯ ಮಾರುಕಟ್ಟೆಯಲ್ಲಿ ಎಷ್ಟು ಬೆಲೆಯೆಂಬುದು ನಮಗೆಲ್ಲ ಗೊತ್ತಿದ್ದದ್ದೇ. ಆ ಬೆಲೆಯ ಇನ್ನೊಂದು ಮುಖವನ್ನು ಯಾರೂ ಕೇಳುವುದಿಲ್ಲ.

2024ರ ಮಾರ್ಚಿನಲ್ಲಿ ಬಾಲ್ಟಿಮೋರಿನ ಸೇತುವೆಗೆ 'ಡಾಲಿ' ಹಡಗು ಬಡಿದು, ಸೇತುವೆಯ ಮೇಲೆ ದುರಸ್ತಿ ಮಾಡುತ್ತಿದ್ದ ಆರು ಕೂಲಿಕಾರರು ಸತ್ತರು. ಆಗಲೂ ಹಡಗಿನಲ್ಲಿದ್ದವರು ಇಪ್ಪತ್ತು ಭಾರತೀಯರು, ಒಬ್ಬ ಶ್ರೀಲಂಕಾದವ. ವಾರಗಟ್ಟಲೆ ಇಳಿಯಲಾಗದೆ ಆ ಭಗ್ನಾವಶೇಷದ ನಡುವೆಯೇ ಕಳೆದರು.

ಭಾರತ 2015ರಲ್ಲಿ ಕಡಲ ದುಡಿಮೆಗಾರರ ಅಂತಾರಾಷ್ಟ್ರೀಯ ಒಪ್ಪಂದವನ್ನು ಅಂಗೀಕರಿಸಿದೆ. ಹಡಗು ಜಪ್ತಿಯಾದಾಗ ಸಿಬ್ಬಂದಿಯನ್ನು ಬದಲಿಸಿ ಮನೆಗೆ ಕಳಿಸುವ ಹೊಣೆ, ಅವರನ್ನು ಹತ್ತಿಸಿದ ಕಂಪನಿಯ ಮೇಲೆ ಬೀಳಬೇಕು. ಅದಕ್ಕೆ ಗಡುವು ಇರಬೇಕು. ನೌಕಾಯಾನದ ಮಹಾನಿರ್ದೇಶನಾಲಯ ಇರುವುದು ಇದೇ ನಗರದಲ್ಲಿ. ನಮ್ಮ ಸಂಘಗಳು ನಾಟಕೋತ್ಸವಕ್ಕೆ ಮಂತ್ರಿಗಳನ್ನು ಕರೆಯಲು ತೋರುವ ಉತ್ಸಾಹದಲ್ಲಿ ಅರ್ಧಪಾಲನ್ನಾದರೂ ಅಲ್ಲಿಗೊಂದು ಮನವಿ ಒಯ್ಯಲು ತೋರಬಹುದು.

ಆ ಏಪ್ರಿಲಿನಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರು ನನಗೆ ಫೋನು ಮಾಡಿದ್ದರು. ಅವರ ಮಗ ಇದ್ದದ್ದು ಬೇರೊಂದು ಹಡಗಿನಲ್ಲಿ. ಅದು ಸುಯೆಜ್ ದಾಟಿ ಆಗಲೇ ವಾರವಾಗಿತ್ತು. ಅದನ್ನು ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಉಳಿದವರಿಗೆ ಕುಡಿಯುವ ನೀರು ಯಾರು ಕೊಡ್ತಾರೆ ಮಾರಾಯ್ರೇ?" ಎಂದು ಕೇಳಿದರು.