ಕಡೂರು ಸೀಮೆಯ ಕೂಟಗಳೂ ಪಕ್ಷಗಳೂ

ಕುರ್ದರೆಂಬ ಜನಾಂಗವು ತುರ್ಕಿ, ಇರಾನ್, ಇರಾಕ್, ಸಿರಿಯಾ ಎಂಬ ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿರುವುದಷ್ಟೆ. ಅವರ ಪಕ್ಷವೊಂದು ೧೯೪೬ರ ಜನವರಿಯಲ್ಲಿ ಇರಾನಿನ ಮಹಾಬಾದಿನಲ್ಲಿ ಸ್ವಂತ ಸರ್ಕಾರವನ್ನು ಸಾರಿತು. ವರ್ಷ ತುಂಬುವುದರೊಳಗೆ ಅದು ಉರುಳಿತು. ಅಧ್ಯಕ್ಷ ಖಾಜಿ ಮಹಮ್ಮದರನ್ನು ೧೯೪೭ರ ಮಾರ್ಚಿ ತಿಂಗಳಲ್ಲಿ ಗಲ್ಲಿಗೇರಿಸಿದರು. ಇದನ್ನೋದಿದ ಕನ್ನಡಿಗನಿಗೆ, ಐದು ಆಡಳಿತಗಳಲ್ಲಿ ಹರಿದುಹೋಗಿದ್ದ ತನ್ನ ನಾಡು ನೆನಪಾಗುವುದು ಸಹಜ. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ವಾಚಕರಿಗೆ ಇನ್ನೂ ಹತ್ತಿರದ ನೆನಪೊಂದು ಬರಬೇಕು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸರ್ಕಾರವು ಕಂದಾಯವನ್ನು ಶರತ್ತಿನ ಪದ್ಧತಿಯಂತೆ ಎತ್ತಿಸುತ್ತಿತ್ತು. ಇಂತಿಷ್ಟು ಹಣವನ್ನು ಕಟ್ಟಿಯೇ ತೀರುವೆನೆಂದು ಅಮಲ್ದಾರನು ಒಪ್ಪಿಕೊಳ್ಳಬೇಕು. ಮಳೆ ಬಂದರೂ ಬಾರದಿದ್ದರೂ ಅದನ್ನು ರೈತನಿಂದ ಹಿಂಡಬೇಕು. ೧೮೩೦ರಲ್ಲಿ ನಗರ ಸೀಮೆಯ ರೈತರು ಕೂಟಗಳನ್ನು ಕಟ್ಟಿ ಕಂದಾಯ ಕೊಡೆವೆಂದು ನಿಂತರು. ಅವರ ಅಹವಾಲು ನ್ಯಾಯವಾದುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಕೂಟಗಳ ಮೇಲೆ ಬೇರೆಯವರ ಆಸೆಗಳು ಸವಾರಿ ಮಾಡಿದವು. ಬೂದಿ ಬಸಪ್ಪನೆಂಬವನು ತಾನೇ ನಗರದ ಅರಸೊತ್ತಿಗೆಯ ವಾರಸುದಾರನೆಂದು ಬಂದನು. ತರೀಕೆರೆಯ ಪಾಳೆಯಗಾರರ ಮನೆಯ ರಂಗಪ್ಪನಾಯಕನು, ಪೂರ್ವಿಕರ ಸೀಮೆಯನ್ನು ಮರಳಿ ಪಡೆಯಲು ಇದೇ ಸಮಯವೆಂದು ಸೇರಿಕೊಂಡನು. ಅದೇ ಮನೆತನದ ಸರ್ಜಾ ಹನುಮಪ್ಪನಾಯಕನು ಕಡೆಗೆ ಗಲ್ಲಿಗೇರಿದನು. ಅವನ ಶೌರ್ಯವನ್ನು ನಾವು ಹಳಿಯುವುದಿಲ್ಲ. ಆದರೂ ರೈತನು ಕೇಳಿದ್ದು ಕಂದಾಯದ ನ್ಯಾಯ, ನಾಯಕರು ಕೇಳಿದ್ದು ತಮ್ಮ ಗದ್ದುಗೆ. ಫಲವೇನಾಯಿತು? ೧೮೩೧ರಲ್ಲಿ ಆಂಗ್ಲರು ಸಂಸ್ಥಾನದ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಐವತ್ತು ವರ್ಷ ಬಿಡಲಿಲ್ಲ.

ಮನೆತನದ ಹೆಸರಿಲ್ಲದೆ ಪ್ರಜೆಗಳು ಪಕ್ಷ ಕಟ್ಟಿದ್ದು ಬಹಳ ತಡವಾಗಿ. ೧೮೮೧ರ ಪ್ರಜಾಪ್ರತಿನಿಧಿ ಸಭೆಯಲ್ಲಿ ಅರಿಕೆ ಮಾಡಿಕೊಳ್ಳಬಹುದಾಗಿತ್ತೇ ಹೊರತು ತೀರ್ಮಾನಿಸುವಂತಿರಲಿಲ್ಲ. ೧೯೧೭ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯು ಕೇಳಿದ್ದು ರಾಜ್ಯಾಧಿಕಾರವನ್ನಲ್ಲ. ಬ್ರಾಹ್ಮಣೇತರರಿಗೆ ಸರ್ಕಾರಿ ಉದ್ಯೋಗದಲ್ಲಿಯೂ ಪ್ರಾತಿನಿಧ್ಯದಲ್ಲಿಯೂ ಪಾಲನ್ನು. ಮರುವರ್ಷವೇ ಮಿಲ್ಲರ್ ಸಮಿತಿ ನೇಮಕವಾಯಿತು. ಇದೆಲ್ಲ ಹುದ್ದೆಯ ಆಸೆಯೆಂದು ಜರೆಯುವವರು ಇಂದಿಗೂ ಇದ್ದಾರೆ. ನಾವು ಹಾಗೆಣಿಸೆವು. ಕಚೇರಿಯ ಜಗುಲಿಯನ್ನೇ ಹತ್ತಲಾರದವನಿಗೆ ಜವಾಬ್ದಾರಿ ಸರ್ಕಾರದ ಮಾತು ಹೇಗೆ ರುಚಿಸೀತು? ಆ ಹಳೆಯ ಪಕ್ಷಗಳು ಒಂದಾಗಿ ಪ್ರಜಾ ಸಂಯುಕ್ತ ಪಕ್ಷವೆನಿಸಿ, ೧೯೩೭ರಲ್ಲಿ ಕಾಂಗ್ರೆಸ್ಸಿನಲ್ಲಿ ಬೆರೆತ ಮೇಲೆಯೇ ಹಳ್ಳಿಗಳು ಎದ್ದದ್ದು. ಮರುವರ್ಷ ಏಪ್ರಿಲ್ಲಿನಲ್ಲಿ ಶಿವಪುರದ ಧ್ವಜಸತ್ಯಾಗ್ರಹ. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡಿನ ಮಳೆ. ೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ವಹಿಸಿತು.

ಅಧಿಕಾರ ಬಂದಿತು; ಇನ್ನು ಅದನ್ನು ಹರಿಹರದ ಹೊಳೆಯಾಚೆಯ ಕನ್ನಡಿಗರೊಡನೆ ಹಂಚಿಕೊಳ್ಳಬೇಕೇ? ಅಜ್ಜಂಪುರದ ನಿಲ್ದಾಣವನ್ನು ದಾಟಿ ಹುಬ್ಬಳ್ಳಿಗೆ ಹೋಗುವ ರೈಲಿಗೆ ತುಂಗಭದ್ರೆಯು ಎಂದೂ ಅಡ್ಡಿಯಾಗಿರಲಿಲ್ಲ. ಮೈಸೂರಿನ ಅನೇಕ ಮುಖಂಡರಿಗಾದರೋ ಆಯಿತು. ಹಿಂದುಳಿದ ಸೀಮೆಗಳ ಭಾರ ತಮ್ಮ ಬೊಕ್ಕಸದ ಮೇಲೆ ಬಿದ್ದೀತು, ಒಕ್ಕಲಿಗರ ಸ್ಥಾನಕ್ಕೆ ಲಿಂಗಾಯತರು ಬಂದಾರು ಎಂಬ ಭಯ ಅವರದು. ಭಯವು ಸುಳ್ಳೆಂದು ನಾವು ಹೇಳುವುದಿಲ್ಲ. ೧೯೧೭ರ ಭಯವೂ ಸುಳ್ಳಾಗಿರಲಿಲ್ಲ. ಆದರೆ ಅಂದು ಪಾಲು ಕೇಳಿದವರೇ ಇಂದು ಪಾಲು ಕೊಡಲು ಹಿಂಜರಿದುದು ನ್ಯಾಯವೆ? ಇರಾಕಿನ ಕುರ್ದರನ್ನು ನೋಡಿರಿ. ೧೯೯೨ರಲ್ಲಿ ಸ್ವಂತ ಶಾಸನಸಭೆಯನ್ನು ಆರಿಸಿಕೊಂಡ ಅವರ ಎರಡು ದೊಡ್ಡ ಪಕ್ಷಗಳು ೧೯೯೪ರಿಂದ ನಾಲ್ಕು ವರ್ಷ ಪರಸ್ಪರ ಗುಂಡು ಹಾರಿಸಿಕೊಂಡವು. ಇಲ್ಲಿ ಮಾತಿನ ಕಲಹವಷ್ಟೇ ಆಯಿತು.

ಆ ಕಲಹದಲ್ಲಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಪಕ್ಷದ ಬಹುಮಂದಿಗೆ ಎದುರಾಗಿ ಏಕೀಕರಣದ ಕಡೆ ನಿಂತರು. ಪಕ್ಷದೊಳಗಿನ ವಿಶ್ವಾಸವನ್ನು ಕಳೆದುಕೊಂಡು ೧೯೫೬ರ ಆಗಸ್ಟಿನಲ್ಲಿ ಅಧಿಕಾರ ಬಿಟ್ಟರು. ನವೆಂಬರ್ ಒಂದರಂದು ಕನ್ನಡ ರಾಜ್ಯವು ಉದಯಿಸಿದಾಗ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪನವರು.