ಕೆಂಪು ಜಾಕೆಟ್ಟಿನವನ ಹೆಸರೇನು?

ಹೋದ ವರ್ಷ ಮುಂಡರಗಿಯ ಬಸ್ ನಿಲ್ದಾಣದ ಹತ್ತಿರ ಒಂದು ಚಾದಂಗಡಿಯಲ್ಲಿ ಮೂವರು ಹಿರಿಯರ ಜಗಳವನ್ನು ಮುಕ್ಕಾಲು ತಾಸು ಕೂತು ಕೇಳಿದೆ. ಸಾವಿನ ಬಾವಿಯಲ್ಲಿ ಬೈಕ್ ಹೊಡೆಯುತ್ತಿದ್ದ ಕೆಂಪು ಜಾಕೆಟ್ಟಿನವನು ಮೊದಲು ಬಂದದ್ದು ಮುಂಡರಗಿಯ ಅನ್ನದಾನೇಶ್ವರ ಜಾತ್ರೆಗೋ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆಗೋ ಎಂಬುದು ಜಗಳ. ಒಬ್ಬರು, “ಅಂವಂದು ಯೆಜ್ಡಿ, ಟ್ಯಾಂಕಿನ ಮ್ಯಾಲೆ ಹುಲಿ ಚಿತ್ರ ಇತ್ತು” ಎಂದರು. ಇನ್ನೊಬ್ಬರು, “ಯೆಜ್ಡಿ ಅಲ್ಲೋ ಮಾರಾಯ, ಆರ್‌ಎಕ್ಸ್ ಹಂಡ್ರೆಡ್, ಸಪ್ಪಳಾನ ಬ್ಯಾರೆ” ಎಂದು ಬಾಯಿಂದಲೇ ಸಪ್ಪಳ ತೆಗೆದು ತೋರಿಸಿದರು. ಮೂರನೆಯವರು ತಾವು ಚಾಚಿದ್ದ ಐದು ರೂಪಾಯಿ ನೋಟನ್ನು ಅವನು ಹಲ್ಲಿನಿಂದ ಕಿತ್ತುಕೊಂಡು ಹೋದನೆಂದರು. ನೋಟಿನ ಮೂಲೆ ಹರಿದಿತ್ತು ಎಂಬುದೂ ಅವರಿಗೆ ನೆನಪಿದೆ.

“ಅವನ ಹೆಸರೇನ್ರಿ?” ಎಂದು ಕೇಳಿದೆ. ಮೂವರೂ ಸುಮ್ಮನಾದರು. ಆಮೇಲೆ ಯೆಜ್ಡಿಯ ಪಕ್ಷದವರು, “ಅವರ ಹೆಸರು ಯಾರ್ ಕೇಳ್ತಾರ ತಮ್ಮಾ?” ಎಂದರು.

ಈ ಬರಹ ಹುಟ್ಟಿದ್ದು ಆ ಉತ್ತರದಿಂದ. ನನ್ನ ಸಿಟ್ಟು ಆ ಹಿರಿಯರ ಮೇಲಲ್ಲ. ಅವರು ಕನಿಷ್ಠ ನೋಟಿನ ಮೂಲೆಯನ್ನಾದರೂ ನೆನಪಿಟ್ಟುಕೊಂಡಿದ್ದಾರೆ. ಜಾತ್ರೆಯ ನೆನಪುಗಳನ್ನು ಲಲಿತ ಪ್ರಬಂಧ ಮಾಡಿ ಬರೆದು ಚಪ್ಪಾಳೆ ಗಿಟ್ಟಿಸುವ ನಮ್ಮ ಮೇಲೆ ನನ್ನ ಸಿಟ್ಟು.

ನೋಡದವರಿಗಾಗಿ ಎರಡು ಮಾತು. ಸಾವಿನ ಬಾವಿ, ಅಂದರೆ ನಮ್ಮ ಕಡೆಯ ಬಾಯಿಯಲ್ಲಿ ‘ಮೌತ್ ಕಾ ಕುವಾ’, ನೆಲದ ಮೇಲೆ ಹಲಗೆಗಳನ್ನು ನಿಲ್ಲಿಸಿ ಕಟ್ಟಿದ 20-25 ಅಡಿ ಎತ್ತರದ ಪೀಪಾಯಿ. ನೋಡುವವರು ಮೇಲಿನ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡಬೇಕು. ಸವಾರ ಬುಡದ ಇಳಿಜಾರು ಹಲಗೆಯ ಮೇಲೆ ಸುತ್ತುತ್ತ ವೇಗ ಹಿಡಿದು ಗೋಡೆ ಹತ್ತುತ್ತಾನೆ, ನೆಲಕ್ಕೆ ಸಮಾನಾಂತರವಾಗಿ ಓಡುತ್ತಾನೆ. ಅವನನ್ನು ಮೇಲೆ ಹಿಡಿದಿಡುವುದು ವೇಗ, ಹಲಗೆ ಮತ್ತು ಟೈರಿನ ನಡುವಿನ ಘರ್ಷಣೆ, ಅಷ್ಟೇ. ಒಂಬತ್ತು ಮೀಟರ್ ಅಗಲದ ಬಾವಿಯಲ್ಲಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗವೆಂದರೂ ಅವನ ಮೈ ಮೇಲೆ ತನ್ನದೇ ತೂಕದ ಸುಮಾರು ಮೂರು ಪಟ್ಟು ಒತ್ತಡ ಬೀಳುತ್ತದೆ. ಅಂಥದ್ದರಲ್ಲಿ ಅವನು ಎರಡೂ ಕೈ ಬಿಡುತ್ತಾನೆ, ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುತ್ತಾನೆ, ನೋಟು ಕಿತ್ತುಕೊಳ್ಳುತ್ತಾನೆ. ಹೆಲ್ಮೆಟ್ ಇಲ್ಲ. ಜಾತ್ರೆ ಮುಗಿದ ಮೇಲೆ ಇಡೀ ಬಾವಿಯನ್ನು ಬಿಚ್ಚಿ ಲಾರಿಗೆ ಹೇರಿ ಮುಂದಿನ ಊರಿಗೆ ಒಯ್ಯುತ್ತಾರೆ.

ನಾನು ಬೆಟಗೇರಿಯವನು. ಅಪ್ಪ ಮೊದಲು ಕರೆದೊಯ್ದದ್ದು ಗದಗಿನ ತೋಂಟದಾರ್ಯ ಜಾತ್ರೆಗೆ. ಸವಾರ ನನ್ನ ಮುಖದ ಕೆಳಗೆ ಹಾದುಹೋದಾಗ ಕೈಯಲ್ಲಿ ಹಿಡಿದಿದ್ದ ಕಂಬ ನಡುಗಿದ್ದು, ಸುಟ್ಟ ಆಯಿಲಿನ ನೀಲಿ ಹೊಗೆಯ ವಾಸನೆ, ಅಪ್ಪ ನನ್ನ ಅಂಗಿಯ ಕಾಲರ್ ಹಿಡಿದುಕೊಂಡೇ ನಿಂತಿದ್ದು ನೆನಪಿದೆ. ನನ್ನ ನೆನಪಿನಲ್ಲೂ ಆ ಸವಾರನಿಗೆ ಹೆಸರಿಲ್ಲ. ಜಾಕೆಟ್ ಇದೆ. ಕೆಂಪು.

ಇದು ಬೈಕು ಪ್ರೀತಿಸುವವರ ಸಹಜ ಗುಣ, ಯಂತ್ರ ನೆನಪಿರುತ್ತದೆ, ಮನುಷ್ಯ ಮರೆಯುತ್ತಾನೆ ಎಂದು ಕೆಲವರು ಹೇಳಬಹುದು. ಸುಳ್ಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅರವತ್ತರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡಿತು. ಅವು ನಮ್ಮ ಸಾವಿನ ಬಾವಿಗಳಿಗೂ ಬಂದವು. ಆ ಹೆಸರಿನ ಮೂಲ ಕಂಪನಿ ಇದ್ದದ್ದು ಆಗಿನ ಚೆಕೊಸ್ಲೊವಾಕಿಯಾದಲ್ಲಿ. ಅಲ್ಲಿ ಅದು ಸ್ಪೀಡ್‌ವೇ ಎಂಬ ಆಟಕ್ಕೂ ಬೈಕು ಮಾಡುತ್ತಿತ್ತು: ಮಣ್ಣಿನ ಅಂಡಾಕಾರದ ಓಣಿ, ನಾಲ್ವರು ಸವಾರರು, ನಾಲ್ಕು ಸುತ್ತು, ಒಂದೇ ಗೇರು. ಬ್ರೇಕು ಇಲ್ಲವೇ ಇಲ್ಲ. ಒಂದು ಪಂದ್ಯ ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತದೆ. ಜಾವಾ ಏರಿದ ನ್ಯೂಜಿಲೆಂಡಿನ ಐವನ್ ಮಾಗರ್ ಆರು ಸಲ ವಿಶ್ವ ಚಾಂಪಿಯನ್ ಆದ, 1968ರಿಂದ 1970ರವರೆಗೆ ಸತತ ಮೂರು ಸಲ. ಇಂಗ್ಲೆಂಡಿನ ಹಳೆಯ ಅಭಿಮಾನಿಗಳು ಇವತ್ತಿಗೂ ಅವನ ಬಗ್ಗೆ ಮಾತ್ರವಲ್ಲ, ಕೊನೆಯ ಸ್ಥಾನಕ್ಕೆ ಬೀಳುತ್ತಿದ್ದ ಸವಾರರ ಬಗ್ಗೆಯೂ ಹೆಸರು ಹಿಡಿದು ಜಗಳವಾಡುತ್ತಾರೆ. ಕಾರಣ ಅವರ ನೆನಪಿನ ಶಕ್ತಿಯಲ್ಲ. ಪ್ರತಿ ಪಂದ್ಯಕ್ಕೂ ಒಂದು ಕಾರ್ಯಕ್ರಮ ಪುಸ್ತಿಕೆ ಮಾರುತ್ತಿದ್ದರು, ಅದರಲ್ಲಿ ಸವಾರರ ಹೆಸರು ಅಚ್ಚಾಗಿರುತ್ತಿತ್ತು, ಜನ ಪ್ರತಿ ಸುತ್ತಿನ ಅಂಕವನ್ನು ಪೆನ್ಸಿಲ್ಲಿನಲ್ಲಿ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದರು. ನಾಲ್ಕಾಣೆಯ ಕಾಗದ. ಗದಗು ಮುದ್ರಣದ ಊರು. ಪಂಚಾಂಗ, ನಾಟಕ, ವಚನ ಎಲ್ಲ ಅಚ್ಚಾದ ಊರು. ನಮ್ಮಲ್ಲಿ ಕಾಗದಕ್ಕೇನೂ ಬರವಿರಲಿಲ್ಲ.

ಇನ್ನು ನಮ್ಮ ಪ್ರಬಂಧಗಳು. ಜಾತ್ರೆ ಎಂದರೆ ಬೆಂಡು ಬತ್ತಾಸು, ತೊಟ್ಟಿಲು, ಬಳೆಗಾರ, ಪೀಪಿ, ಕೊನೆಯಲ್ಲೊಂದು ಸಾವಿನ ಬಾವಿ. ಬಾವಿಯ ಪ್ಯಾರಾ ಬಂದರೆ ಬದುಕು-ಸಾವಿನ ಬಗ್ಗೆ ಒಂದು ರೂಪಕ ಗ್ಯಾರಂಟಿ. ಗೋಡೆಗೆ ಅಂಟಿಕೊಂಡು ಓಡುವ ಮನುಷ್ಯ ನಮಗೆ ಬಿಟ್ಟಿ ಸಿಕ್ಕ ತತ್ವಜ್ಞಾನ. ಅವನಿಗೆ ಒಂದು ಆಟಕ್ಕೆ ಎಷ್ಟು ಸಿಗುತ್ತದೆ, ದಿನಕ್ಕೆ ಎಷ್ಟು ಆಟ, ಬಿದ್ದರೆ ಖರ್ಚು ಯಾರದು ಎಂದು ಕೇಳಿದ ಒಂದು ಪ್ರಬಂಧವನ್ನೂ ನಾನು ಓದಿಲ್ಲ.

ವಿಶ್ವವಿದ್ಯಾಲಯದವರಾದ ನಮ್ಮದು ಇನ್ನೂ ನಾಜೂಕಿನ ತಪ್ಪು. ಜನಪದ ಅನಾಮಿಕ, ಸಮೂಹದ ಸೃಷ್ಟಿ ಎಂದು ಎಂ.ಎ. ಮೊದಲ ಸೆಮಿಸ್ಟರಿನಲ್ಲೇ ಬಾಯಿಪಾಠ ಮಾಡಿಸುತ್ತಾರೆ. ಕರ್ತೃ ಸಿಗದ ಹಾಡಿನ ಬಗ್ಗೆ ಹೇಳಿದ ಮಾತು ಅದು. ನಾವು ಅದನ್ನು ಎದುರಿಗೆ ನಿಂತು ಬೀಡಿ ಸೇದುತ್ತಿರುವವನಿಗೂ ಅಂಟಿಸುತ್ತೇವೆ. ಹೆಸರು ಕೇಳಲು ಸೋಮಾರಿತನ, ಅದಕ್ಕೆ ಅನಾಮಿಕತೆ ಎಂಬ ಸಿದ್ಧಾಂತ. ನಾನೇ ಒಂದು ಸೆಮಿನಾರಿನಲ್ಲಿ ಪ್ರಬಂಧ ಓದಿದೆ, ಸವಾರನ ಫೋಟೊ ತೋರಿಸಿದೆ, ಕೆಳಗೆ ‘ಸಾವಿನ ಬಾವಿಯ ಒಬ್ಬ ಕಲಾವಿದ’ ಎಂದು ಬರೆದೆ. ‘ಕಲಾವಿದ’ ಎಂದು ಗೌರವ ಕೊಟ್ಟೆನೆಂದು ಅವತ್ತು ಹೆಮ್ಮೆಯೂ ಆಗಿತ್ತು.

ಇದೇ ನೆಲದಲ್ಲಿ ಒಂದು ಕಾಲಕ್ಕೆ ಲೆಕ್ಕ ಬೇರೆ ಇತ್ತು. ಲಕ್ಷ್ಮೇಶ್ವರಕ್ಕೆ ಹೋಗಿ, ಪಂಪ ತನ್ನ ಭಾಷೆಗೆ ಹೆಸರಿಟ್ಟುಕೊಂಡ ಪುಲಿಗೆರೆ ಅದೇ. ಸೋಮೇಶ್ವರ ದೇವಾಲಯದ ಆವರಣದ ಶಾಸನಗಳಲ್ಲಿ ದಾನ ಕೊಟ್ಟವರ, ಪಡೆದವರ ಹೆಸರುಗಳಿವೆ. ಅದನ್ನಾದರೂ ದೊಡ್ಡವರ ದಾಖಲೆ ಎನ್ನಬಹುದು. ವೀರಗಲ್ಲನ್ನು ಹಾಗೆನ್ನಲು ಬರುವುದಿಲ್ಲ. ಊರ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತ ಸಾಮಾನ್ಯನಿಗೂ ಕಲ್ಲು ನಿಲ್ಲಿಸಿದರು, ಎಷ್ಟೋ ಕಲ್ಲುಗಳ ಮೇಲೆ ಅವನ ಹೆಸರು, ಅಪ್ಪನ ಹೆಸರು ಕೊರೆಸಿದರು. ಕೆಲವು ಕಡೆ ಕಲ್ಲು ಕಡೆದವನೂ ತನ್ನ ಹೆಸರು ಹಾಕಿಕೊಂಡಿದ್ದಾನೆ. ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಆದದ್ದು ಮೊಬೈಲ್ ಇರುವ ಕೈಗೆ ಆಗುತ್ತಿಲ್ಲ.

ಹೆಸರಿಲ್ಲದಿದ್ದರೆ ಏನಾಗುತ್ತದೆ? ನನ್ನ ಕ್ಷೇತ್ರಕಾರ್ಯದ ಎರಡನೆಯ ವರ್ಷ ಒಂದು ಜಾತ್ರೆಯಲ್ಲಿ ರಾತ್ರಿಯ ಆಟದಲ್ಲಿ ಸವಾರ ಬಿದ್ದ. ಸರಪಳಿ ಕಡಿಯಿತೆಂದು ಆಮೇಲೆ ಹೇಳಿದರು. ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ನಿಲ್ಲಲಿಲ್ಲ. ಅವನನ್ನು ಟಂಟಂನಲ್ಲಿ ಒಯ್ದರು. ಜೊತೆಗೆ ಹೋದ ಹುಡುಗನಿಗೆ ಅವನ ಊರು ಗೊತ್ತಿರಲಿಲ್ಲ. ಮರುದಿನ ಸಂಜೆ ನಾನು ಹೋದಾಗ ಬಾವಿಯಲ್ಲಿ ಇನ್ನೊಬ್ಬ ಸುತ್ತುತ್ತಿದ್ದ. ಮೈಮೇಲೆ ಅದೇ ಜಾಕೆಟ್ಟು, ಮೊಣಕೈ ಹತ್ತಿರ ಹೊಸ ಹೊಲಿಗೆ. ನನ್ನ ಪಕ್ಕದವರು ಮಗನಿಗೆ, “ನೋಡ, ನಿನ್ನೆ ಬಿದ್ದಿದ್ನಲ್ಲ, ಅಂವ ಮತ್ತ ಬಂದಾನ, ಎಂಥಾ ಗಂಡೆದಿ” ಎನ್ನುತ್ತಿದ್ದರು.

ಮುಂಡರಗಿಯ ಚಾದಂಗಡಿಯಲ್ಲಿ ಕೂತಾಗ ನನಗೆ ಹೊಳೆದದ್ದು ಇದು. ಒಬ್ಬರು ಹೇಳುತ್ತಿದ್ದದ್ದು ತಮ್ಮ ಮದುವೆಗೆ ಮೊದಲಿನ ಮಾತು, ಇನ್ನೊಬ್ಬರದು ಮಗಳ ಮದುವೆಯ ವರ್ಷದ್ದು. ಯೆಜ್ಡಿ, ಆರ್‌ಎಕ್ಸ್ ಹಂಡ್ರೆಡ್ ಎರಡೂ ನಿಜವೇ ಇರಬೇಕು. ಅವರು ಜಗಳವಾಡುತ್ತಿದ್ದದ್ದು ಒಬ್ಬನ ಬಗ್ಗೆ ಅಲ್ಲ, ಜಾಕೆಟ್ಟಿನ ಬಗ್ಗೆ. ಒಳಗೆ ಎಷ್ಟು ಜನ ಬದಲಾದರು, ಅವರಲ್ಲಿ ಎಷ್ಟು ಜನ ನಡೆದುಕೊಂಡು ಹೊರಗೆ ಬಂದರು ಯಾರೂ ಎಣಿಸಲಿಲ್ಲ. ಮೂವತ್ತು ವರ್ಷ ಬೀಳದ ವೀರನೊಬ್ಬ ನಮ್ಮ ನಾಲ್ಕು ಊರುಗಳ ನೆನಪಿನಲ್ಲಿ ಸುತ್ತುತ್ತಿದ್ದಾನೆ. ಬಿದ್ದವರೆಲ್ಲ ಅವನೊಳಗೆ ಹೂತುಹೋಗಿದ್ದಾರೆ. ಮಾಲೀಕನಿಗೂ ಇದು ಅನುಕೂಲ, ಪ್ರಬಂಧಕಾರನಿಗೂ ಅನುಕೂಲ.

ಹೆಸರು, ಊರು, ಕೂಲಿ ಎಂದು ವಿಚಾರಿಸಲು ಹೋದರೆ ಆ ಮಾಯೆಯೇ ಹೋಗುತ್ತದೆ ಎಂದು ಕವಿಮಿತ್ರರೊಬ್ಬರು ಆಕ್ಷೇಪಿಸಿದರು. ಕುಮಾರವ್ಯಾಸನ ಹೆಸರು, ಊರು ತಿಳಿದ ಮೇಲೆ ಅವನ ಭಾರತದ ಮಾಯೆ ಎಷ್ಟು ಕಡಿಮೆಯಾಯಿತು ಎಂದು ಅವರನ್ನು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಈ ವರ್ಷ ನಾನು ನೋಟ್‌ಬುಕ್ ಹಿಡಿದು ಹೋದೆ. ಆಟಗಳ ನಡುವೆ ಸವಾರ ಬಾವಿಯ ಹಿಂದೆ ಕೂತು ಮೊಬೈಲಿನಲ್ಲಿ ಮಾತಾಡುತ್ತಿದ್ದ, ನನಗಿಂತ ಚಿಕ್ಕವನು. ಹೆಸರು ಕೇಳಿದೆ. ಹೇಳಿದ, ಊರನ್ನೂ ಹೇಳಿದ. ನಾನು ಬರೆದುಕೊಳ್ಳುವುದನ್ನು ನೋಡಿ ಕೈ ಹಿಡಿದ. “ಹಾಕಬ್ಯಾಡ್ರಿ ಸರ್, ಮನ್ಯಾಗ ಲಾರಿ ಡ್ರೈವರ್ ಅಂತ ಹೇಳೀನಿ. ಅವ್ವಗ ಗೊತ್ತಾದ್ರ ಉಣ್ಣಂಗಿಲ್ಲ.”

ನನ್ನ ಇಷ್ಟುದ್ದದ ವಾದಕ್ಕೆ ಅವನ ಅವ್ವ ಅಡ್ಡ ನಿಂತಳು. ಹೆಸರು ಕೇಳುವುದು ಬೇರೆ, ಸಾರುವುದು ಬೇರೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಅವನ ಹೆಸರು ಇಲ್ಲಿ ಇಲ್ಲ.

ಆದರೆ ಅವನೇ ನೋಟ್‌ಬುಕ್ ಕಸಿದುಕೊಂಡು ಮುಂದಿನ ಪುಟ ತಿರುಗಿಸಿದ. ತನಗಿಂತ ಮೊದಲು ಆ ಜಾಕೆಟ್ಟು ತೊಟ್ಟವರ ಹೆಸರುಗಳನ್ನು ಒಂದರ ಕೆಳಗೊಂದು ಬರೆದ, ಕೆಲವು ಕನ್ನಡದಲ್ಲಿ, ಕೆಲವು ಹಿಂದಿಯಲ್ಲಿ. ಒಟ್ಟು ಏಳು, ಅದರಲ್ಲೊಂದು ಹೆಣ್ಣಿನ ಹೆಸರು. ಮೂರನೆಯದನ್ನು ಬರೆದು, ಹೊಡೆದುಹಾಕಿ, ಮಾಲೀಕನ ಹತ್ತಿರ ಹೋಗಿ ಕೇಳಿಕೊಂಡು ಬಂದು ಮತ್ತೆ ಬರೆದ. ನಾಲ್ವರ ಮುಂದೆ ಊರಿನ ಹೆಸರೂ ಇದೆ. ಮನೆಯವರನ್ನು ಕೇಳದೆ ಅವನ್ನು ಅಚ್ಚು ಹಾಕುವುದಿಲ್ಲವೆಂದು ಅವನಿಗೆ ಹೇಳಿ ಬಂದಿದ್ದೇನೆ. ಎರಡು ಊರಿಗೆ ಹೋಗಿ ಬಂದಾಯಿತು. ಒಂದರಲ್ಲಿ ಮನೆಗೆ ಬೀಗ ಇತ್ತು. ಇನ್ನೊಂದರಲ್ಲಿ ಅಣ್ಣ ಸಿಕ್ಕ, ಚಹ ಕುಡಿಸಿದ, ಯಾವ ಜಾತ್ರೆ ಎಂದು ಎರಡು ಸಲ ಕೇಳಿದ, ಒಳಗಿನಿಂದ ಒಂದು ಫೋಟೊ ತಂದು ತೋರಿಸಿದ. ಅದರಲ್ಲಿದ್ದವನು ಬಿಳಿ ಅಂಗಿ ತೊಟ್ಟಿದ್ದ.